ಜಂಘಾಸ್ಥಿಭಂಗವೂ ಜಾನುಸಂಧಿಯ ಸ್ನಾಯುಗಳೂ

ಸುಶ್ರುತಸಂಹಿತೆಯನ್ನು ಓದುವ ಕನ್ನಡಿಗನು ಮೊದಲು ಎಡವುವುದು ‘ಸ್ನಾಯು’ ಎಂಬ ಪದದಲ್ಲಿ. ಈಗಿನ ಪಾಠಪುಸ್ತಕಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ. ಸುಶ್ರುತನಲ್ಲಾದರೋ ಮಾಂಸಖಂಡಕ್ಕೆ ‘ಪೇಶೀ’ ಎಂದು ಹೆಸರು. ಸ್ನಾಯುವೆಂಬುದು ಸಂಧಿಗಳನ್ನು ಬಿಗಿಯುವ ನಾರಿನ ಕಟ್ಟು. ಇಂದು ಅಸ್ಥಿರಜ್ಜುವೆನ್ನಿಸಿಕೊಳ್ಳುವುದು ಇದರಲ್ಲಿ ಅಂತರ್ಗತವಾಗಿದೆ. ಈ ಭೇದವನ್ನರಿಯದೆ ಓದಿದರೆ ಗ್ರಂಥದ ತಾತ್ಪರ್ಯವೇ ಕೆಡುವುದು.

ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಸ್ನಾಯುಗಳ ಸಂಖ್ಯೆ 900 ಎಂದಿದೆ. ಹಲಗೆಗಳನ್ನು ಬಲವಾಗಿ ಬಿಗಿದ ನೌಕೆಯು ಭಾರವನ್ನು ಹೊರುವಂತೆ, ಸ್ನಾಯುಬದ್ಧವಾದ ಸಂಧಿಗಳಿಂದ ಮನುಷ್ಯನು ಭಾರವನ್ನು ಹೊರುವನೆಂದು ಅಲ್ಲಿಯ ದೃಷ್ಟಾಂತ. ಅಸ್ಥಿ, ಪೇಶಿ, ಸಿರೆಗಳು ಕೆಟ್ಟುದಕ್ಕಿಂತ ಸ್ನಾಯು ಕೆಟ್ಟುದೇ ಹೆಚ್ಚು ಹಾನಿಕರವೆಂದೂ ಹೇಳಿದೆ. ಸ್ನಾಯುವನ್ನು ಮಾಂಸಖಂಡವೆಂದು ತಿಳಿದವನಿಗೆ ಈ ಮಾತು ಒಗಟಾಗಿ ತೋರುವುದು ಸಹಜ.

ಮೊಣಕಾಲಿನಲ್ಲಿ ಇದರ ಅರ್ಥವು ಸ್ಪಷ್ಟವಾಗುತ್ತದೆ. ಜಂಘೆಯ ದೊಡ್ಡ ಎಲುಬಿನ ಮೇಲ್ತುದಿಯು ಮುರಿದಾಗ ಸ್ನಾಯುಗಳೂ ಹರಿದಿರುವುದುಂಟು. 1879ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಸೆಗಾಂಡನು ಆ ತುದಿಯ ಹೊರಮಗ್ಗುಲಿನಿಂದ ಕಿತ್ತುಬರುವ ಸಣ್ಣ ಚೂರೊಂದನ್ನು ವರ್ಣಿಸಿದನು. ಚೂರು ಅಲ್ಪ; ಆದರೆ ಅದು ಕಂಡಲ್ಲಿ ಸಂಧಿಯೊಳಗಿನ ಮುಂಭಾಗದ ಅಡ್ಡಸ್ನಾಯುವು ಬಹುಮಟ್ಟಿಗೆ ಹರಿದೇ ಇರುತ್ತದೆ. ಕ್ಷಕಿರಣಚಿತ್ರದಲ್ಲಿ ಎಲುಬು ಕಾಣುವುದೇ ಹೊರತು ಸ್ನಾಯು ಕಾಣದು, ಅದಕ್ಕೆ ಎಂ.ಆರ್.ಐ. ಪರೀಕ್ಷೆ ಬೇಕು.

ಚಿಕಿತ್ಸೆಗೆ ಒಂದು ಕ್ರಮವಿದೆ. ಮೊದಲು ಪಾದದ ನಾಡಿಯನ್ನು ನೋಡತಕ್ಕದ್ದು. ಮೊಣಕಾಲಿನ ಹಿಂದಣ ರಕ್ತನಾಳವು ಘಾಸಿಗೊಂಡಿದ್ದರೆ ಕಾಲೇ ನಷ್ಟವಾದೀತು. ಸಂಧಿಯ ಮೇಲ್ಮೈ ಕುಸಿದಿದ್ದರೆ ಅದನ್ನೆತ್ತಿ ಸಮಮಾಡಿ, ಲೋಹದ ಪಟ್ಟಿ ತಿರುಪುಗಳಿಂದ ನಿಲ್ಲಿಸುವರು. ಎಲುಬಿನ ದೊಡ್ಡ ಚೂರಿನೊಡನೆ ಕಿತ್ತುಬಂದ ಸ್ನಾಯುವನ್ನು ಆಗಲೇ ಸ್ವಸ್ಥಾನದಲ್ಲಿ ಬಿಗಿಯಬಹುದು. ಒಳಮಗ್ಗುಲಿನ ಸ್ನಾಯುವು ಅನೇಕವೇಳೆ ಆಧಾರಪಟ್ಟಿಯಿಂದಲೇ ಕೂಡಿಕೊಳ್ಳುತ್ತದೆ. ನಡುವೆ ಹರಿದ ಅಡ್ಡಸ್ನಾಯುವಿನ ಪುನರ್ನಿರ್ಮಾಣವನ್ನು ಸಾಮಾನ್ಯವಾಗಿ ಎಲುಬು ಕೂಡಿದ ಮೇಲೆ, ಸಂಧಿಯು ಸಡಿಲವಾಗಿಯೇ ಉಳಿದರೆ ಮಾತ್ರ, ಕೈಗೊಳ್ಳುವರು.

ಸುಶ್ರುತನು ಜಂಘಾಭಗ್ನಕ್ಕೆ ಐದು ಗೂಟಗಳುಳ್ಳ ಕಪಾಟಶಯನವನ್ನು ವಿಧಿಸಿದ್ದಾನೆ. ಅಂಗವು ಅಲುಗದಿರಲೆಂಬುದೇ ಅದರ ಉದ್ದೇಶ. ಕಟ್ಟು ಸಡಿಲವಾದರೆ ಸಂಧಿಯು ನಿಲ್ಲದು, ಅತಿ ಬಿಗಿಯಾದರೆ ಊತವೂ ನೋವೂ ಪಾಕವೂ ಆಗುವುವೆಂದು ಎಚ್ಚರಿಸಿದ್ದಾನೆ; ಶೀತಕಾಲದಲ್ಲಿ 7, ಸಾಧಾರಣಕಾಲದಲ್ಲಿ 5, ಉಷ್ಣಕಾಲದಲ್ಲಿ 3 ದಿನಗಳಿಗೊಮ್ಮೆ ಕಟ್ಟನ್ನು ಬದಲಿಸಬೇಕೆಂದಿದ್ದಾನೆ. ಬಿಗಿಯಾದ ಕಟ್ಟಿನೊಳಗೆ ಕಾಲು ಊದಿದರೆ ಒಳಗಿನ ಒತ್ತಡವೇರಿ ಪೇಶಿಗಳು ಸಾಯುವುವೆಂದು ಇಂದಿನ ವೈದ್ಯರು ಅಂಜುವರಷ್ಟೆ. ಆ ಎಚ್ಚರಿಕೆಗೆ ಇಂದಿಗೂ ಬೆಲೆಯಿದೆ.

ಆದರೆ ಸೆಗಾಂಡನು ಕಂಡ ಭಂಗವನ್ನು ಸುಶ್ರುತನೂ ಕಂಡಿದ್ದನೆಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ. ಹಾಗೆಂದು ಹೇಳಲು ಗ್ರಂಥದಲ್ಲಿ ಆಧಾರವಿಲ್ಲ. ಜಾನುಮರ್ಮವನ್ನು ಅವನು ವೈಕಲ್ಯಕರಗಳಲ್ಲಿ ಎಣಿಸಿ, ಅದಕ್ಕೆ ಪೆಟ್ಟುಬಿದ್ದವನು ಕುಂಟನಾಗುವನೆಂದನು. ಇಷ್ಟು ಮಾತ್ರ ನಿಶ್ಚಿತ. ಎಲುಬು ಕೂಡಿದ ಮಾತ್ರಕ್ಕೆ ಕಾಲು ನೆಟ್ಟಗಾಗದು, ಕಟ್ಟೂ ಕೂಡಬೇಕು. ಆದುದರಿಂದ ಈ ಪ್ರಕರಣವನ್ನು ಪಾಠಹೇಳುವ ಅಧ್ಯಾಪಕರು ಸ್ನಾಯುಪದದ ಅರ್ಥವನ್ನು ಮೊದಲೇ ಬಿಡಿಸಿ ಹೇಳುವುದು ಅವಶ್ಯಕ.