ಅಸಮಾನ ಆಕಾಶದಲ್ಲಿ ಸಮಬಲದ ಕಣ

2014ರ ಜನವರಿ 27ರಂದು ‘ಈವ್ ಆನ್‌ಲೈನ್’ ಎಂಬ ಬಾಹ್ಯಾಕಾಶ ಆಟದ ಬಿ-ಆರ್5ಆರ್‌ಬಿ ನಕ್ಷತ್ರ ಮಂಡಲದಲ್ಲಿ ಕಾಳಗವೊಂದು ಹೊತ್ತಿಕೊಂಡಿತು. ಆ ಮಂಡಲದ ಒಡೆತನಕ್ಕಾಗಿ ಕಟ್ಟಬೇಕಿದ್ದ ಶುಲ್ಕ ಸಮಯಕ್ಕೆ ಪಾವತಿಯಾಗದೇ ಇದ್ದದ್ದು ಅದರ ಕಿಡಿ. ಸುಮಾರು 21 ಗಂಟೆ ನಡೆದ ಹೋರಾಟದಲ್ಲಿ ಏಳು ಸಾವಿರಕ್ಕೂ ಹೆಚ್ಚು ಆಟಗಾರರು ಒಂದಲ್ಲ ಒಂದು ಹೊತ್ತಿನಲ್ಲಿ ಪಾಲ್ಗೊಂಡರು. ಆಟದ ಅತಿ ದೊಡ್ಡ ನೌಕೆಗಳಾದ ಟೈಟನ್‌ಗಳು 75 ನಾಶವಾದವು. ನಷ್ಟವನ್ನು ನಿಜವಾದ ಹಣಕ್ಕೆ ಪರಿವರ್ತಿಸಿದರೆ ಮೂರು ಲಕ್ಷ ಡಾಲರ್‌ನಷ್ಟಾಗುತ್ತದೆಂದು ಅಂದಾಜಿಸಲಾಯಿತು. ಹೊರಜಗತ್ತು ಈ ಆಟವನ್ನು ಗುರುತಿಸುವುದೇ ಇಂಥ ಮಹಾಯುದ್ಧಗಳಿಂದ. ಆದರೆ ಅಷ್ಟು ಜನ ಒಂದೆಡೆ ನೆರೆದಾಗ ಹೊರೆ ತಾಳಲಾರದ ಸರ್ವರ್ ಆಟದೊಳಗಿನ ಕಾಲವನ್ನು ಹತ್ತನೇ ಒಂದು ಭಾಗಕ್ಕೆ ನಿಧಾನಿಸುತ್ತದೆ. ಸಾವಿರಾರು ಬಂದೂಕುಗಳ ನಡುವೆ ಒಬ್ಬ ಚಾಲಕನ ಕೈಚಳಕ ಲೆಕ್ಕಕ್ಕೇ ಬರುವುದಿಲ್ಲ. ಈ ಆಟದಲ್ಲಿ ಯುದ್ಧವೆಂಬುದು ಕಲೆಯಾಗಿ ಕಾಣುವ ಜಾಗ ಬೇರೆಯೇ ಇದೆ: ಹತ್ತು ನಿಮಿಷಗಳ, ಬೆರಳೆಣಿಕೆಯ ನೌಕೆಗಳ, ಆಟಗಾರರ ಮೈತ್ರಿಕೂಟಗಳು ಸೆಣಸುವ ‘ಅಲಯನ್ಸ್ ಟೂರ್ನಮೆಂಟ್’.

ಅದರ ಬೆಲೆ ತಿಳಿಯಬೇಕಾದರೆ ಉಳಿದ ಆಟ ಎಷ್ಟು ಅಸಮಾನವಾದದ್ದೆಂದು ಮೊದಲು ತಿಳಿಯಬೇಕು. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಸಿಸಿಪಿ ಸಂಸ್ಥೆ 2003ರ ಮೇ ತಿಂಗಳಲ್ಲಿ ಈ ಆಟವನ್ನು ಹೊರತಂದಿತು. ಚೀನಾದ ಪ್ರತ್ಯೇಕ ಸರ್ವರ್ ಬಿಟ್ಟರೆ ಜಗತ್ತಿನ ಎಲ್ಲ ಆಟಗಾರರೂ ಒಂದೇ ಬ್ರಹ್ಮಾಂಡದಲ್ಲಿ ಇರುತ್ತಾರೆ. ಕಳೆದುಕೊಂಡ ನೌಕೆ ಕಳೆದೇ ಹೋಯಿತು. ಇನ್ನೊಂದನ್ನು ಕೊಳ್ಳಬೇಕು ಅಥವಾ ಕಟ್ಟಬೇಕು. ಹತ್ತು ಜನರ ಮೇಲೆ ನೂರು ಜನ ಎರಗುವುದು ಇಲ್ಲಿ ತಪ್ಪಲ್ಲ, ಒಳ್ಳೆಯ ಯೋಜನೆ. ಶತ್ರುಪಾಳಯದಲ್ಲಿ ವರ್ಷಗಟ್ಟಲೆ ಗೂಢಚಾರನಾಗಿದ್ದು ಖಜಾನೆ ದೋಚುವುದಕ್ಕೂ ನಿಯಮದ ಅಡ್ಡಿಯಿಲ್ಲ. ಇಂಥ ಜಗತ್ತಿನಲ್ಲಿ ಗೆದ್ದವರು ಚೆನ್ನಾಗಿ ಕಾದಿದ್ದಕ್ಕೆ ಗೆದ್ದರೋ, ಹೆಚ್ಚು ಜನರಿದ್ದದ್ದಕ್ಕೆ ಗೆದ್ದರೋ ಎಂದು ಹೇಳುವುದು ಕಷ್ಟ. 2005ರಲ್ಲಿ ಮೊದಲ ಬಾರಿ ನಡೆದ ಟೂರ್ನಮೆಂಟ್ ಆ ಎರಡನ್ನೂ ಬೇರ್ಪಡಿಸುವ ಕೆಲಸಕ್ಕೆ ಕೈಹಾಕಿತು.

ಬೇರ್ಪಡಿಸುವ ಉಪಕರಣ ನಿಯಮಾವಳಿ. ಪ್ರತಿಯೊಂದು ಬಗೆಯ ನೌಕೆಗೂ ಅಂಕಗಳ ಬೆಲೆಯಿದೆ. ತಂಡಕ್ಕೆ ಸಿಗುವ ಒಟ್ಟು ಅಂಕಗಳಿಗೆ ಮಿತಿಯಿದೆ. ಭಾರಿ ಬ್ಯಾಟಲ್‌ಶಿಪ್ ಬೇಕೆಂದರೆ ಚಿಕ್ಕಪುಟ್ಟ ಫ್ರಿಗೇಟ್‌ಗಳಿಂದ ಉಳಿದ ಸ್ಥಾನ ತುಂಬಿಸಿಕೊಳ್ಳಬೇಕು. ಎಷ್ಟೋ ವರ್ಷ ತಂಡಕ್ಕೆ ಹತ್ತು ಜನರ ಮಿತಿಯಿತ್ತು. ಪಂದ್ಯಕ್ಕೆ ಮುನ್ನ ಎರಡೂ ಕಡೆಯವರು ಎದುರಾಳಿಗೆ ಸಿಗಬಾರದೆನಿಸಿದ ಕೆಲವು ನೌಕೆಗಳನ್ನು ನಿಷೇಧಿಸುತ್ತಾರೆ. ಆ ನಿಷೇಧ ತಮಗೂ ಅನ್ವಯಿಸುತ್ತದೆ. ಗಾಯಗೊಂಡ ನೌಕೆಗಳನ್ನು ದೂರದಿಂದಲೇ ದುರಸ್ತಿ ಮಾಡುವ ‘ಲಾಜಿ’ ನೌಕೆಗಳಿಗೆ ಕಟ್ಟುನಿಟ್ಟಿನ ಮಿತಿಯಿದೆ. ಇಲ್ಲದಿದ್ದರೆ ಯಾರೂ ಸಾಯದೆ ಪಂದ್ಯ ಮುಗಿಯುತ್ತಿತ್ತು. ಒಂದು ಬ್ಯಾಟಲ್‌ಶಿಪ್ಪನ್ನು ‘ಫ್ಲ್ಯಾಗ್‌ಶಿಪ್’ ಎಂದು ಘೋಷಿಸಿ ಅದಕ್ಕೆ ಉಳಿದವುಗಳಿಗೆ ನಿಷಿದ್ಧವಾದ ದುಬಾರಿ ಉಪಕರಣ ತೊಡಿಸಬಹುದು, ಆದರೆ ಅದು ಒಮ್ಮೆ ಒಡೆದರೆ ಇಡೀ ಟೂರ್ನಿಗೆ ಮತ್ತೊಂದಿಲ್ಲ. ಕಣದ ನಡುವಿನ ಸಂಕೇತಸ್ತಂಭದಿಂದ 125 ಕಿಲೋಮೀಟರ್ ಆಚೆಗೆ ಹೋದ ನೌಕೆ ಸತ್ತಂತೆಯೇ. ಹತ್ತು ನಿಮಿಷದಲ್ಲಿ ಯಾರೂ ಪೂರ್ತಿ ನಾಶವಾಗದಿದ್ದರೆ ಉರುಳಿಸಿದ ನೌಕೆಗಳ ಅಂಕ ಕೂಡಿ ಗೆದ್ದವರನ್ನು ತೀರ್ಮಾನಿಸುತ್ತಾರೆ. ಹೊರಗಿನ ಆಕಾಶದಲ್ಲಿ ಗೆಲುವು ತರುವ ಸಂಖ್ಯೆ, ಸಂಪತ್ತು, ಓಡಿಹೋಗುವ ಸ್ವಾತಂತ್ರ್ಯ ಇವೆಲ್ಲವನ್ನೂ ಈ ನಿಯಮಗಳು ಕಸಿದುಕೊಳ್ಳುತ್ತವೆ. ಪರಿಣಾಮ ಫಲಿತಾಂಶಗಳಲ್ಲೂ ಕಾಣುತ್ತದೆ. ಪ್ಯಾಂಡೆಮಿಕ್ ಲೀಜನ್‌ನಂಥ ಬಲಾಢ್ಯ ಕೂಟ ಹಲವು ಬಾರಿ ಗೆದ್ದಿದೆ, ನಿಜ. ಆದರೆ 2012ರಲ್ಲಿ ಪ್ರಶಸ್ತಿ ಪಡೆದ ವರ್ಜ್ ಆಫ್ ಕೊಲ್ಯಾಪ್ಸ್, ದೊಡ್ಡ ಸಾಮ್ರಾಜ್ಯಗಳಿಂದ ದೂರ ವರ್ಮ್‌ಹೋಲ್‌ಗಳಲ್ಲಿ ನೆಲೆಸಿದ್ದ ಸಣ್ಣ ಮೈತ್ರಿಕೂಟ.

ಕಣದೊಳಗೆ ಉಳಿಯುವುದು ಜ್ಯಾಮಿತಿ, ಗಡಿಯಾರ ಮತ್ತು ಮಾತು. ಈ ಆಟದಲ್ಲಿ ಫಿರಂಗಿಗೆ ತಿರುಗುವ ವೇಗವಿದೆ. ದೊಡ್ಡ ಫಿರಂಗಿ ದೂರದ ಗುರಿಯನ್ನು ಸೀಳಬಲ್ಲದು, ಹತ್ತಿರದಲ್ಲಿ ಗಿರಕಿ ಹೊಡೆಯುವ ಪುಟ್ಟ ಫ್ರಿಗೇಟನ್ನು ಹಿಂಬಾಲಿಸಲಾರದು. ಹಾಗಾಗಿ ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಹಾರುತ್ತಿದ್ದೀರಿ ಎಂಬುದೇ ರಕ್ಷಾಕವಚ. ದೂರ ಕಾಯ್ದುಕೊಂಡು ಹೊಡೆಯುವ ‘ಕೈಟಿಂಗ್’ ತಂಡಕ್ಕೆ ಗಡಿಯೇ ಶತ್ರು. ಮೈಮೇಲೆ ಬೀಳುವ ತಂಡಕ್ಕೆ ಮೊದಲ ಮೂವತ್ತು ಸೆಕೆಂಡಿನ ದೂರವೇ ಶತ್ರು. ಸಂಕೇತಸ್ತಂಭದಿಂದ ಎಷ್ಟು ಅಂತರದಲ್ಲಿ ಇಳಿಯಬೇಕೆಂಬುದು ತಂಡದ ಆಯ್ಕೆಯೇ ಆದ್ದರಿಂದ, ಎದುರಾಳಿಯ ನೌಕೆಗಳು ಕಣ್ಣಿಗೆ ಬಿದ್ದ ಕೂಡಲೇ ಆ ಲೆಕ್ಕ ಆಗಿಬಿಡಬೇಕು. ಆಮೇಲೆ ನಾಯಕ, ಅವರ ಭಾಷೆಯಲ್ಲಿ ಎಫ್‌ಸಿ, ‘ಪ್ರೈಮರಿ’ ಎಂದು ಒಂದು ನೌಕೆಯ ಹೆಸರು ಕೂಗುತ್ತಾನೆ. ಎಲ್ಲರ ಬೆಂಕಿ ಅದರ ಮೇಲೆ. ಅತ್ತ ಲಾಜಿ ಚಾಲಕ ಪೆಟ್ಟು ತಿನ್ನುವವನನ್ನು ಗುರಿಹಿಡಿದು ದುರಸ್ತಿಯ ಕಿರಣ ಹಾಯಿಸುವಷ್ಟರಲ್ಲಿ ನೌಕೆ ಉಳಿದಿರಬೇಕು. ಇಬ್ಬರ ನಡುವಿನ ಅಂತರ ಎರಡು ಮೂರು ಸೆಕೆಂಡು, ಅದೂ ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕ ಹಾಕುವ ಸರ್ವರ್‌ನಲ್ಲಿ. ಚಾಣಾಕ್ಷ ಎಫ್‌ಸಿ ಒಂದು ನೌಕೆಯ ಮೇಲೆ ಬೆಂಕಿ ಸುರಿಸಿ, ಲಾಜಿ ಅತ್ತ ವಾಲಿದ ಕ್ಷಣದಲ್ಲಿ ಇನ್ನೊಂದರ ಹೆಸರು ಕೂಗುತ್ತಾನೆ. ಈ ಆಟ ಬಲ್ಲವರಿಗೆ ಇದಕ್ಕಿಂತ ಸೊಗಸಾದ ದೃಶ್ಯ ಇನ್ನೊಂದಿಲ್ಲವೆಂದು ನಾನು ನಂಬುತ್ತೇನೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಪಂದ್ಯ ಕಾಗದದ ಮೇಲೇ ಮುಗಿದಿರುತ್ತದೆ, ಯಾವ ನೌಕಾಸಂಯೋಜನೆ ಯಾವುದನ್ನು ಮಣಿಸುತ್ತದೆಂದು ವಾರಗಟ್ಟಲೆ ಲೆಕ್ಕ ಹಾಕಿದವರೇ ಗೆಲ್ಲುತ್ತಾರೆ, ಹಾರಾಟ ಬರೀ ಪ್ರದರ್ಶನ ಎನ್ನುತ್ತಾರೆ. ಎಷ್ಟೋ ಪಂದ್ಯಗಳ ಮಟ್ಟಿಗೆ ಮಾತು ನಿಜ. ನೌಕೆಗಳ ಪಟ್ಟಿ ನೋಡಿದ ಕೂಡಲೇ ವಿವರಣೆಕಾರರು ಫಲಿತಾಂಶ ನುಡಿಯುವುದುಂಟು. ಆದರೆ ಸಿದ್ಧತೆಯೂ ಕೌಶಲವೇ ಅಲ್ಲವೇ? ತಾಳಮದ್ದಳೆಯ ಅರ್ಥಧಾರಿ ಪ್ರಸಂಗವನ್ನು ಎಷ್ಟೇ ಅರಗಿಸಿಕೊಂಡು ಬಂದಿರಲಿ, ಎದುರಿನವನು ಎತ್ತುವ ಪ್ರಶ್ನೆಗೆ ಉತ್ತರ ಆ ಕ್ಷಣದಲ್ಲೇ ಹುಟ್ಟಬೇಕು. ಓದಿಲ್ಲದವನಿಗೆ ಆ ಕ್ಷಣ ಸಿಗುವುದೂ ಇಲ್ಲ. ನಿಷೇಧದ ನಿಯಮ ಇರುವುದೇ ಒಂದೇ ಸಂಯೋಜನೆಯನ್ನು ನೆಚ್ಚಿ ಬಂದವರನ್ನು ಬರಿಗೈ ಮಾಡಲು. ನಾಲ್ಕಾರು ಯೋಜನೆಗಳನ್ನು ಹತ್ತು ಜನರೂ ಕರಗತ ಮಾಡಿಕೊಂಡಿರಬೇಕು, ಒಬ್ಬ ಚಾಲಕ ಬೇರೆ ಬೇರೆ ನೌಕೆ ಹಾರಿಸಬಲ್ಲವನಾಗಿರಬೇಕು. ಇದು ಲೆಕ್ಕಿಗನೊಬ್ಬನಿಂದ ಆಗುವ ಕೆಲಸವಲ್ಲ.

ಇನ್ನೊಂದು ಆಕ್ಷೇಪ ಆಟದ ಹಳಬರದೇ: ದ್ರೋಹ, ಬೇಹುಗಾರಿಕೆ, ಅಸಮಾನತೆಯೇ ಪ್ರಾಣವಾದ ಜಗತ್ತಿನಲ್ಲಿ ತೀರ್ಪುಗಾರರ ಕಣವೊಂದು ಕಟ್ಟುಕಥೆಯಲ್ಲವೇ? ಈ ಪ್ರಶ್ನೆಯನ್ನು 2011ರ ಒಂಬತ್ತನೇ ಟೂರ್ನಿ ಎಲ್ಲರ ಮುಂದಿಟ್ಟಿತು. ಅಂತಿಮ ಪಂದ್ಯಕ್ಕೆ ಬಂದ ಹೈಡ್ರಾ ರೀಲೋಡೆಡ್ ಮತ್ತು ಔಟ್‌ಬ್ರೇಕ್ ತಂಡಗಳು ಮೊದಲಿನಿಂದಲೂ ಒಳಗೊಳಗೇ ಕೈಜೋಡಿಸಿದ್ದವು. ಕಾಳಗಕ್ಕಾಗಿ ಕಾದಿದ್ದ ನೋಡುಗರಿಗೆ ಒಪ್ಪಂದದ ಫೈನಲ್ ಸಿಕ್ಕಿತು. ಹೊರಗಿನ ಆಕಾಶದಲ್ಲಿ ಇದನ್ನು ಜಾಣತನವೆಂದು ಕೊಂಡಾಡುತ್ತಿದ್ದರು. ಇಲ್ಲಿ ಆಟಗಾರರೇ ಕೆರಳಿದರು, ಮುಂದೆ ಇಂಥ ಹೊಂದಾಣಿಕೆಯ ವಿರುದ್ಧ ನಿಯಮ ಬಿಗಿಯಾಯಿತು. ಮೋಸಕ್ಕೆ ಒಗ್ಗಿದ ಜನವೂ ಒಂದು ಅಂಗಳವನ್ನಾದರೂ ಮೋಸದಿಂದ ಕಾಪಾಡಬೇಕೆಂದು ಬಯಸಿದರೆಂಬುದೇ ಈ ಟೂರ್ನಿಯ ಅಗತ್ಯಕ್ಕೆ ನಾನು ಕೊಡುವ ಬಲವಾದ ಸಾಕ್ಷ್ಯ. ಹಾಗೆಂದು ಎರಡು ಜಗತ್ತುಗಳ ನಂಟು ಕಡಿದಿಲ್ಲ. ಬಹುಮಾನವಾಗಿ ಬರುವ ಫ್ರೆಕಿ, ಎಟಾನಾ, ಕಾಂಬಿಯನ್‌ನಂಥ ನೌಕೆಗಳು ಇಡೀ ಬ್ರಹ್ಮಾಂಡದಲ್ಲಿ ಕೆಲವೇ ಕೆಲವು. ಗೆದ್ದವರು ಅವನ್ನು ಮಾರುತ್ತಾರೆ, ಕೂಡಿಡುತ್ತಾರೆ, ಕೆಲವೊಮ್ಮೆ ಹಾರಿಸಿ ಕಳೆದುಕೊಳ್ಳುತ್ತಾರೆ. ಒಂದು ಒಡೆದರೆ ಲೋಕದಲ್ಲಿ ಒಂದು ಕಡಿಮೆಯಾಯಿತು. 2019 ಮತ್ತು 2020ರಲ್ಲಿ ಸಿಸಿಪಿ ಸಂಸ್ಥೆ ಟೂರ್ನಿಯನ್ನು ನಡೆಸಲಿಲ್ಲ. ಆ ಅವಧಿಯಲ್ಲಿ ಆಟಗಾರರೇ ತಮ್ಮ ಖುಷಿಗೆ ತಂಡಪಂದ್ಯಗಳನ್ನು ಏರ್ಪಡಿಸಿಕೊಂಡರು; 2021ರಲ್ಲಿ ಟೂರ್ನಿ ಮರಳಿತು.

ಉಳಿದದ್ದು ನೋಡುಗರ ದೂರು. ಕಪ್ಪು ಆಕಾಶ, ಬಣ್ಣದ ಚಿಹ್ನೆಗಳು, ಕಂಡೂ ಕಾಣದ ನೌಕೆಗಳು. ಹೊಸಬರಿಗೆ ಏನೂ ತಿಳಿಯದು. ಇದನ್ನು ಅಲ್ಲಗಳೆಯಲಾರೆ, ಆದರೆ ಪರಿಹಾರವಿದೆ. ಪಂದ್ಯಗಳ ವಿಡಿಯೊಗಳು ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತವೆ, ವಿವರಣೆ ಕೊಡುವವರೂ ನುರಿತ ಆಟಗಾರರೇ. ಮೊದಲು ನೌಕೆಗಳನ್ನೇ ನೋಡಲು ಹೋಗಬೇಡಿ. ಪರದೆಯ ಎರಡೂ ಬದಿಯಲ್ಲಿರುವ ತಂಡಗಳ ಪಟ್ಟಿಯಲ್ಲಿ ಯಾರ ಕವಚ ಇಳಿಯುತ್ತಿದೆ, ಯಾರದು ಇಳಿದು ಮತ್ತೆ ಏರಿತು ಎಂಬುದನ್ನು ಮಾತ್ರ ಗಮನಿಸಿ. ಏರಿತೆಂದರೆ ಲಾಜಿ ಚಾಲಕ ಗೆದ್ದ. ಅದೇ ತಂಡದ ಇನ್ನೊಂದು ಹೆಸರು ಮರುಕ್ಷಣವೇ ಕುಸಿದರೆ ಎದುರಾಳಿ ಎಫ್‌ಸಿ ಅವನನ್ನು ಯಾಮಾರಿಸಿದ. ಇಷ್ಟನ್ನು ಹಿಡಿದುಕೊಂಡು ನಾಲ್ಕು ಪಂದ್ಯ ನೋಡಿದರೆ, ಐದನೆಯದರಲ್ಲಿ ವಿವರಣೆಕಾರನಿಗಿಂತ ಮುಂಚೆ ನೀವೇ ‘ಪ್ರೈಮರಿ ಬದಲಾಯಿತು’ ಎನ್ನುತ್ತೀರಿ.