ಗೊಗ್ಗಯ್ಯನ ಬಾಗಿಲು

‘ಮಕ್ಕೋ, ಇಲ್ಲಾಂದ್ರ ಗೊಗ್ಗಯ್ಯ ಬರ್ತಾನ ನೋಡು!’

ಮಾನ್ವಿಯ ನಮ್ಮ ಮನೆಯಲ್ಲಿ ರಾತ್ರಿ ಕರೆಂಟ್ ಹೋದರೆ ಅಜ್ಜಿ ಹೇಳುತ್ತಿದ್ದ ಮಾತಿದು. ಗೊಗ್ಗಯ್ಯ ಹೇಗಿರುತ್ತಾನೆಂದು ಆಕೆ ಎಂದೂ ಹೇಳಲಿಲ್ಲ. ಹಾಗಾಗಿ ಜೋಳದ ಚೀಲ ಒಟ್ಟಿದ್ದ ಕೋಣೆಯ ಬಾಗಿಲ ಹಿಂದೆ ನಾನೇ ಅವನನ್ನು ನಿಲ್ಲಿಸಿಕೊಂಡಿದ್ದೆ. ಎಂಟನೇ ಕ್ಲಾಸಿನವರೆಗೂ (ಗೆಳೆಯರಿಗೆ ಹೇಳಬೇಡಿ) ಆ ಕೋಣೆಗೆ ಕತ್ತಲಲ್ಲಿ ಒಬ್ಬನೇ ಹೋದವನಲ್ಲ.

ಈಗ ರಾಯಚೂರಿನಲ್ಲಿ ಬಿ.ಇ. ಎಲೆಕ್ಟ್ರಿಕಲ್ ಓದುತ್ತಿದ್ದೇನೆ. ಒಂದು ರಾತ್ರಿ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ‘ಮಾನ್‌ಸ್ಟರ್ಸ್ ಇಂಕ್’ ಹಾಕಿದ. ಪಿಕ್ಸಾರ್‌ನವರು 2001ರಲ್ಲಿ, ಅಂದರೆ ನಾನು ಹುಟ್ಟುವ ಮೊದಲೇ ತೆಗೆದ ಅನಿಮೇಷನ್ ಸಿನಿಮಾ. ಅದರಲ್ಲಿ ರಾಕ್ಷಸರ ಊರಿಗೆ ಕರೆಂಟ್ ಬರುವುದು ಮಕ್ಕಳ ಚೀರಾಟದಿಂದ! ಬಾಗಿಲಿನಿಂದ ನುಸುಳಿ, ಮಕ್ಕಳನ್ನು ಹೆದರಿಸಿ, ಆ ಕೂಗನ್ನು ಸಿಲಿಂಡರ್‌ಗೆ ತುಂಬಿಕೊಳ್ಳುತ್ತಾರೆ. ನಮ್ಮ ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ ಎಂಟು ಘಟಕ, 1,720 ಮೆಗಾವಾಟ್. ಇಲ್ಲಿ ಕಲ್ಲಿದ್ದಲು, ಅಲ್ಲಿ ಮಕ್ಕಳ ಕೂಗು, ಅಷ್ಟೇ ವ್ಯತ್ಯಾಸ. ಮಜಾ ಏನೆಂದರೆ, ಆ ರಾಕ್ಷಸರಿಗೇ ಮಕ್ಕಳೆಂದರೆ ನಡುಕ. ಮುಟ್ಟಿದರೆ ಸತ್ತೇಹೋಗುತ್ತೇವೆಂದು ನಂಬಿದ್ದಾರೆ! ಬೂ ಎಂಬ ಪುಟಾಣಿ ತಪ್ಪಿ ಅವರೂರಿಗೆ ಬಂದ ಮೇಲೆಯೇ ಗೊತ್ತಾಗುವುದು, ಕೂಗಿಗಿಂತ ನಗುವಿನಲ್ಲಿ ಹತ್ತು ಪಟ್ಟು ಶಕ್ತಿ ಇದೆಯೆಂದು.

ದಸರಾ ರಜೆಯಲ್ಲಿ ದೇವದುರ್ಗದ ಹತ್ತಿರದ ಹಳ್ಳಿಗೆ, ದೊಡ್ಡವ್ವನ ಮನೆಗೆ ಹೋಗಿದ್ದೆ. ಅಣ್ಣ, ಅತ್ತಿಗೆ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡ ಕೆಲಸ. ಐದು ವರ್ಷದ ಮಗಳು ದೊಡ್ಡವ್ವನ ಬಳಿ. ರಾತ್ರಿಯಾದರೆ ಮಲಗುವುದಿಲ್ಲ, ಬಾಗಿಲು ಹಾಕಲೂ ಬಿಡುವುದಿಲ್ಲ. ದೊಡ್ಡವ್ವನ ಬಾಯಲ್ಲೂ ಅದೇ ಗೊಗ್ಗಯ್ಯ! ಸಿಟ್ಟು ಬಂತು. ಆದರೆ ದಿನವಿಡೀ ಕೂಲಿ ಮಾಡಿ ಬಂದವಳು ಮತ್ತೇನು ಹೇಳಿಯಾಳು?

ಮೊಬೈಲ್‌ನಲ್ಲಿ ಆ ಸಿನಿಮಾ ಹಾಕಿ, ಪಕ್ಕದಲ್ಲೇ ಕೂತು ನಾನೇ ನಮ್ಮ ಕಡೆಯ ಕನ್ನಡಕ್ಕೆ ಡಬ್ ಮಾಡಿದೆ. ಒಂಟಿಗಣ್ಣಿನ ಮೈಕ್‌ನನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಳು. ದೊಡ್ಡವ್ವನೂ ನಕ್ಕಳು. ಕಾರ್ಖಾನೆಯೊಳಗೆ ಬಣ್ಣಬಣ್ಣದ ಸಾವಿರಾರು ಬಾಗಿಲುಗಳು ಹಳಿಯಲ್ಲಿ ತೂಗಾಡುತ್ತ ಓಡುವ ದೃಶ್ಯ ಬಂದಾಗ ಮಾತ್ರ ಸುಮ್ಮನಾದಳು. ಒಂದೊಂದು ಬಾಗಿಲು ತೆರೆದರೆ ಒಂದೊಂದು ಮಗುವಿನ ಮನೆ.

‘ಕಾಕಾ, ಬೆಂಗ್ಳೂರಿಂದು ಯಾವ ಬಾಗಲಾ?’

ಅವಳು ಬಾಗಿಲು ಹಾಕಲು ಬಿಡದಿದ್ದುದು ಗೊಗ್ಗಯ್ಯನ ಹೆದರಿಕೆಗಲ್ಲ ಎಂದು ಆಗ ಹೊಳೆಯಿತು. ‘ಮುಂಜಾನೆ ನಿಮ್ಮಪ್ಪಗ ಕೇಳೂಣು’ ಎಂದೆ.

ಬೆಳಿಗ್ಗೆ ವಿಡಿಯೊ ಕಾಲ್ ಮಾಡಿದೆವು. ಸಿಮೆಂಟ್ ಮೆತ್ತಿದ ಅಣ್ಣನ ಮುಖ ಕಂಡದ್ದೇ ತಡ, ‘ಅಪ್ಪಾ, ನಿಮ್ಮನಿ ಬಾಗಲಾ ಯಾವ ಬಣ್ಣದ್ದೈತಿ?’ ಎಂದಳು.

ಅಣ್ಣ ಹಿಂದೆ ತಿರುಗಿ ನೋಡಿದ. ತಗಡಿನ ಶೆಡ್ಡು. ಬಾಗಿಲಿದ್ದಲ್ಲಿ ಅತ್ತಿಗೆಯ ಹಳೆ ಸೀರೆ ಕಟ್ಟಿತ್ತು.

‘ಕೆಂಪಂದು ಐತವ್ವ’ ಎಂದ.