ಹಳೆಯ ವಾಹನದಲ್ಲಿ ಆಯಿಲ್ ಪ್ರೆಷರ್ ಇಳಿದಾಗ: ಅಂದಾಜುಪಟ್ಟಿಗೆ ಒಪ್ಪಿಗೆ ನೀಡುವ ಮುನ್ನ

ರಾಜಾಜಿನಗರ ಕೈಗಾರಿಕಾ ಬಡಾವಣೆ, ಕಾಮಾಕ್ಷಿಪಾಳ್ಯ ಹಾಗೂ ಮಾಗಡಿ ರಸ್ತೆಯ ಆಸುಪಾಸಿನ ಸಣ್ಣ ಘಟಕಗಳ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವಾಗ ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯಡಿ ಇದ್ದಕ್ಕಿದ್ದಂತೆ ದೊಡ್ಡ ಮೊತ್ತವೊಂದು ಕಾಣಿಸಿಕೊಳ್ಳುವುದುಂಟು. ವಿಚಾರಿಸಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: “ಆಯಿಲ್ ಪ್ರೆಷರ್ ಇರಲಿಲ್ಲ ಸಾರ್, ಎಂಜಿನ್ ಬಿಚ್ಚಿಸಿದೆವು.” ಪ್ರೆಷರ್ ಎಷ್ಟಿತ್ತು, ಅಳೆದವರು ಯಾರು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಅಂದಾಜುಪಟ್ಟಿಯಲ್ಲಿ ಪಿಸ್ಟನ್, ರಿಂಗ್, ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಕೂಲಿ ಎಲ್ಲಕ್ಕೂ ಅಂಕಿಗಳಿರುತ್ತವೆ. ಯಾವ ದೋಷಕ್ಕಾಗಿ ಈ ವೆಚ್ಚವೋ ಆ ದೋಷದ ಅಂಕಿ ಮಾತ್ರ ಇರುವುದಿಲ್ಲ. ಸದಸ್ಯ ಮಿತ್ರರನ್ನು ಮೇಸ್ತ್ರಿಗಳನ್ನಾಗಿ ಮಾಡುವುದು ಈ ಲೇಖನದ ಉದ್ದೇಶವಲ್ಲ. ಎಂಜಿನ್ ಬಿಚ್ಚಲು ಒಪ್ಪಿಗೆ ನೀಡುವ ಮುನ್ನ ಏನನ್ನು ಅಳೆಯಿಸಬೇಕು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ತಿಳಿಸುವುದಷ್ಟೇ ಇದರ ಆಶಯ.

ಮೊದಲಿಗೆ ಒಂದು ಮೂಲ ಸಂಗತಿ. ಆಯಿಲ್ ಪಂಪು ಒತ್ತಡವನ್ನು ಉಂಟುಮಾಡುವುದಿಲ್ಲ, ಹರಿವನ್ನು ಉಂಟುಮಾಡುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ತುದಿಯನ್ನು ಬೆರಳಿನಿಂದ ಅದುಮಿದಾಗ ನೀರು ದೂರಕ್ಕೆ ಚಿಮ್ಮುವಂತೆ, ಕ್ರ್ಯಾಂಕ್ ಮತ್ತು ಬೇರಿಂಗಿನ ನಡುವಿನ ಕಿರಿದಾದ ಸಂದು ಆಯಿಲ್ಲನ್ನು ತಡೆದಾಗ ಒತ್ತಡ ಹುಟ್ಟುತ್ತದೆ. 60 ಮಿ.ಮೀ. ವ್ಯಾಸದ ಕ್ರ್ಯಾಂಕ್ ಜರ್ನಲ್ಲಿಗೆ ಈ ಸಂದು ಸುಮಾರು 0.06 ಮಿ.ಮೀ. ಇರುವುದು ವಾಡಿಕೆ. ಸಂದು ಎರಡು ಪಟ್ಟಾದರೆ ಸೋರಿಕೆಯೂ ಎರಡು ಪಟ್ಟಾಗುತ್ತದೆಂದು ನಾವು ಭಾವಿಸಬಹುದು. ವಾಸ್ತವದಲ್ಲಿ ಸೋರಿಕೆಯು ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಅದೇ ಒತ್ತಡದಲ್ಲಿ ಎಂಟು ಪಟ್ಟು. ಆದುದರಿಂದಲೇ ವರ್ಷಗಟ್ಟಲೆ ಸರಿಯಾಗಿದ್ದ ಎಂಜಿನ್ ಒಂದು ಹಂತ ದಾಟಿದ ನಂತರ ಬೇಗನೆ ಕುಸಿಯುತ್ತದೆ. ಪಂಪು ತಿರುಗುವುದು ಎಂಜಿನ್ನಿನಿಂದಲೇ ಆದ್ದರಿಂದ ಐಡ್ಲಿಂಗ್‌ನಲ್ಲಿ ಹರಿವು ಕಡಿಮೆ. ಬಿಸಿಯಾದ ಆಯಿಲ್ ತೆಳುವಾಗುವುದರಿಂದ ತಡೆಯೂ ಕಡಿಮೆ. ಬೆಳಗ್ಗೆ ಗಾಡಿ ಹೊರಟಾಗ ನಂದಿದ್ದ ಕೆಂಪು ದೀಪ ಮಧ್ಯಾಹ್ನ ಸುಮನಹಳ್ಳಿ ಅಥವಾ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತಾಗ ಮಿನುಗತೊಡಗುವುದು ಇದರಿಂದಲೇ.

ದೀಪವು ಮಿನುಗದೆ ಸ್ಥಿರವಾಗಿ ಉರಿಯತೊಡಗಿದರೆ ಚಾಲಕನು ಗಾಡಿಯನ್ನು ಅಲ್ಲಿಯೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡತಕ್ಕದ್ದು. “ಗ್ಯಾರೇಜಿನವರೆಗೆ ಮೆಲ್ಲಗೆ ಓಡಿಸಿಕೊಂಡು ಹೋಗುತ್ತೇನೆ” ಎಂಬ ಮಾತಿಗೆ ಅವಕಾಶ ಕೊಡಬಾರದು. ಟೋಯಿಂಗ್ ಖರ್ಚು ಕ್ರ್ಯಾಂಕಿನ ಬೆಲೆಗಿಂತ ಎಂದಿಗೂ ಕಡಿಮೆಯೇ.

ನಂತರ ಡಿಪ್‌ಸ್ಟಿಕ್ ನೋಡಬೇಕು. ಮಟ್ಟ ಇಳಿದಿದ್ದರೆ ಕಾರಣ ಸ್ಪಷ್ಟ. ಮಟ್ಟ ಏರಿದ್ದರೆ ಸಂತೋಷಪಡುವಂತಿಲ್ಲ. ಫೀಡ್ ಪಂಪ್ ಅಥವಾ ಇಂಜೆಕ್ಟರಿನಿಂದ ಸೋರಿದ ಡೀಸೆಲ್ ಆಯಿಲ್ಲಿನಲ್ಲಿ ಸೇರಿ ಅದನ್ನು ತೆಳುಗೊಳಿಸಿರಬಹುದು. ಬೆರಳಿಗೆ ಹಚ್ಚಿ ಮೂಸಿದರೆ ವಾಸನೆ ತಿಳಿಯುತ್ತದೆ. ಹಾಲು ಹೆಚ್ಚಾದ ಚಹಾದ ಬಣ್ಣ ಕಂಡರೆ ರೇಡಿಯೇಟರಿನ ನೀರು ಒಳಗೆ ಬರುತ್ತಿದೆಯೆಂದೇ ತಿಳಿಯಬೇಕು. ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಮೊದಲ ಸಂದೇಹ.

ಮೂರನೆಯದು ವಿದ್ಯುತ್ ಭಾಗ. ಎಂಜಿನ್ ಚಾಲೂ ಮಾಡದೆ ಕೀ ತಿರುಗಿಸಿದಾಗ ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬು ಹೋಗಿದೆ ಅಥವಾ ಯಾರೋ ತಂತಿಯನ್ನು ಕಿತ್ತಿದ್ದಾರೆ. (ಹಳೆಯ ಗಾಡಿ ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು.) ಹತ್ತಿದ ಮೇಲೆ ಪ್ರೆಷರ್ ಸ್ವಿಚ್ಚಿನ ಒಂಟಿ ತಂತಿಯನ್ನು ಬಿಚ್ಚಿದರೆ ದೀಪ ಆರಬೇಕು. ಆರದಿದ್ದರೆ ತಂತಿಯೇ ಎಲ್ಲಿಯೋ ಉಜ್ಜಿ ಬಾಡಿಗೆ ತಗುಲುತ್ತಿದೆ. ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟಾದ ಮೇಲೂ ಸಂದೇಹ ಉಳಿದರೆ ಅಳತೆ. ಸ್ವಿಚ್ಚನ್ನು ಬಿಚ್ಚಿ, ಅದೇ ರಂಧ್ರಕ್ಕೆ ಮುಳ್ಳಿನ ಮೆಕ್ಯಾನಿಕಲ್ ಗೇಜನ್ನು ತಿರುಗಿಸಿ, ಎಂಜಿನ್ ಪೂರ್ಣ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, 2000 ಆರ್‌ಪಿಎಂನಲ್ಲಿ ಒಮ್ಮೆ ಓದಬೇಕು. ಅರ್ಧ ಗಂಟೆಯ ಕೆಲಸ. ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ. ಅದು ಸಿಗದಿದ್ದಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 0.7 ಕೆ.ಜಿ. ಎಂಬ ಹಳೆಯ ರೂಢಿಯ ಲೆಕ್ಕ ಕೆಲಸಕ್ಕೆ ಬರುತ್ತದೆ. ಇಲ್ಲಿ ಒಂದು ಅಪಾಯವಿದೆ. ಸಾಮಾನ್ಯ ಸ್ವಿಚ್ಚುಗಳು ಒತ್ತಡ 0.3ರಿಂದ 0.5 ಕೆ.ಜಿ.ಗೆ ಇಳಿದ ಮೇಲಷ್ಟೇ ದೀಪವನ್ನು ಹೊತ್ತಿಸುತ್ತವೆ. 2000 ಆರ್‌ಪಿಎಂನಲ್ಲಿ 0.8 ಕೆ.ಜಿ. ಮಾತ್ರವಿದ್ದರೂ ದೀಪ ನಂದಿಯೇ ಇರುತ್ತದೆ, ಬೇರಿಂಗು ಸವೆಯುತ್ತಲೇ ಇರುತ್ತದೆ. ದೀಪ ಉರಿದ ಮಾತ್ರಕ್ಕೆ ಎಂಜಿನ್ ಹಾಳಾಗಿದೆಯೆಂದಲ್ಲ. ಉರಿಯದ ಮಾತ್ರಕ್ಕೆ ಆರೋಗ್ಯವಾಗಿದೆಯೆಂದೂ ಅಲ್ಲ.

ಓದಿದ ಅಂಕಿಗಳು ದೋಷವಿರುವ ಜಾಗವನ್ನೂ ಸೂಚಿಸುತ್ತವೆ. ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ಕುಸಿದು, ವೇಗ ಹೆಚ್ಚಿಸಿದಾಗ ಏರಿದರೆ ತೆಳುವಾದ ಆಯಿಲ್ ಅಥವಾ ಸವೆದ ಬೇರಿಂಗು. ಎಲ್ಲ ವೇಗಗಳಲ್ಲಿಯೂ ಕಡಿಮೆಯೇ ಇದ್ದರೆ ಪಂಪು, ತೆರೆದೇ ಉಳಿದ ರಿಲೀಫ್ ವಾಲ್ವ್ ಅಥವಾ ಕಟ್ಟಿಕೊಂಡ ಸ್ಟ್ರೈನರ್. ರಿಲೀಫ್ ವಾಲ್ವಿನಲ್ಲಿ ಒಂದು ಚೂರು ಕಸ ಸಿಕ್ಕಿಕೊಂಡರೂ ಸಾಕು. ಅದನ್ನು ತೊಳೆಯುವುದಕ್ಕೆ ಪಿಸ್ಟನ್ ಬಿಚ್ಚಬೇಕಾಗಿಲ್ಲ. ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡುವುದೂ ಒಳ್ಳೆಯ ಪದ್ಧತಿ. ತಾಮ್ರದ ಬಣ್ಣದ ಪುಡಿ ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಹೊರಬಿದ್ದಿದೆಯೆಂದು ಶಂಕಿಸಬೇಕು.

ಕೆಲ ವರ್ಷಗಳ ಹಿಂದೆ ಕಾಮಾಕ್ಷಿಪಾಳ್ಯದ ಶೀಟ್ ಮೆಟಲ್ ಘಟಕದ ಮಾಲೀಕರೊಬ್ಬರು ತಮ್ಮ ಟಾಟಾ 407 ವಾಹನದ ಎಂಜಿನ್ ಕೆಲಸದ ಅಂದಾಜುಪಟ್ಟಿಯೊಡನೆ ಬಂದು, ಈ ವೆಚ್ಚ ಬಂಡವಾಳದ್ದೋ ರಾಜಸ್ವದ್ದೋ ಎಂದು ಕೇಳಿದರು. ಪ್ರೆಷರಿನ ಅಂಕಿ ಪಟ್ಟಿಯಲ್ಲಿರಲಿಲ್ಲ. ಬೇರೊಬ್ಬ ಮೇಸ್ತ್ರಿಯಿಂದ ಗೇಜ್ ಹಾಕಿಸಿದಾಗ ಬಿಸಿ ಐಡ್ಲಿಂಗ್‌ನಲ್ಲಿ 1.2, 2000 ಆರ್‌ಪಿಎಂನಲ್ಲಿ 3.4 ಕೆ.ಜಿ. ಕೆಟ್ಟಿದ್ದುದು ಸ್ವಿಚ್ಚು, ಜೆ.ಸಿ. ರಸ್ತೆಯಿಂದ ತಂದ ಹೊಸದಕ್ಕೆ ಕೆಲವು ನೂರು ರೂಪಾಯಿ.

ಇನ್ನೊಂದು ಪ್ರಸಂಗದಲ್ಲಿ ತಪ್ಪು ನನ್ನದು. ವಿಜಯನಗರದ ಪೆಟ್ಟಿಗೆ ತಯಾರಕರೊಬ್ಬರು ಫೆಬ್ರವರಿಯಲ್ಲಿ ಗೇಜ್ ಹಾಕಿಸಿಯೇ ಬಂದಿದ್ದರು: ಐಡ್ಲಿಂಗ್‌ನಲ್ಲಿ 0.4, ವೇಗದಲ್ಲಿ 0.9. ಮಾರ್ಚ್ 15ರ ಮುಂಗಡ ತೆರಿಗೆ, ಬ್ಯಾಂಕಿನ ಓಡಿ ಮಿತಿ ಇವೆರಡನ್ನೂ ಲೆಕ್ಕ ಹಾಕಿ, ಏಪ್ರಿಲಿಗೆ ಮುಂದೂಡಿ ಎಂದು ನಾನೇ ಸಲಹೆ ನೀಡಿದೆ. ಅಲ್ಲಿಯವರೆಗೆ ಗ್ಯಾರೇಜಿನವರು 15ಡಬ್ಲ್ಯು-40 ಬದಲು ದಪ್ಪನೆಯ 20ಡಬ್ಲ್ಯು-50 ಆಯಿಲ್ ಹಾಕಿಕೊಟ್ಟರು. ಮುಳ್ಳು ಸ್ವಲ್ಪ ಮೇಲೇರಿತು, ಎಲ್ಲರಿಗೂ ಸಮಾಧಾನವಾಯಿತು. ದಪ್ಪ ಆಯಿಲ್ ಸಂದನ್ನು ತುಂಬುವುದಿಲ್ಲ, ಅಂಕಿಯನ್ನಷ್ಟೇ ಏರಿಸುತ್ತದೆಂಬುದು ನನಗಾಗ ತಿಳಿದಿರಲಿಲ್ಲ. ಮಾರ್ಚ್ ಮೂರನೆಯ ವಾರ, ಬಿಡದಿಗೆ ಮಾಲು ಒಯ್ಯುತ್ತಿದ್ದಾಗ ಕೆಂಗೇರಿ ದಾಟಿ ಕುಂಬಳಗೋಡಿನ ಬಳಿ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆಯಿತು. ಫೆಬ್ರವರಿಯಲ್ಲಿ ಬೇರಿಂಗ್ ಸೆಟ್ ಮತ್ತು ಗ್ರೈಂಡಿಂಗ್‌ನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಬದಲಿ ಎಂಜಿನ್ನನ್ನೇ ಹಾಕಿಸಬೇಕಾಯಿತು. ಅವರು ನನ್ನನ್ನು ದೂರಲಿಲ್ಲ. ಅಂದಿನಿಂದ ವಾಹನದ ವಿಷಯದಲ್ಲಿ ತಿಂಗಳ ಕೊನೆ, ವರ್ಷದ ಕೊನೆ ಎಂಬ ಮಾತನ್ನು ನಾನು ಆಡುವುದಿಲ್ಲ.

ಲೆಕ್ಕದ ವಿಷಯವನ್ನು ಚುಟುಕಾಗಿ ಹೇಳುವುದಾದರೆ, ಇರುವ ಆಸ್ತಿಯನ್ನು ಉಳಿಸಿಕೊಳ್ಳುವ ವೆಚ್ಚ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚ ಅಲ್ಲ. ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಈ ಒರೆಗಲ್ಲನ್ನೇ ಅನುಸರಿಸಿತು. ಬೇರಿಂಗ್, ರಿಂಗ್, ಗ್ರೈಂಡಿಂಗ್ ಸಾಮಾನ್ಯವಾಗಿ ದುರಸ್ತಿಯೊಳಗೇ ಬರುತ್ತವೆ. ಗ್ಯಾರೇಜಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆ ದೊರೆಯದು. ಸರಕು ಸಾಗಣೆ ವಾಹನದ ದುರಸ್ತಿಯ ಮೇಲಿನ ಜಿಎಸ್‌ಟಿಯನ್ನು ನಿಯಮಿತ ತೆರಿಗೆದಾರರು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಮಾಲೀಕರ ಓಡಾಟದ ಕಾರಿಗೆ ಈ ಅವಕಾಶವಿಲ್ಲ. ಬದಲಿ ಎಂಜಿನ್ ಹಾಕಿಸಿದಲ್ಲಿ ಅದರ ಸಂಖ್ಯೆಯನ್ನು ಆರ್‌ಸಿಯಲ್ಲಿ ದಾಖಲಿಸಿಕೊಳ್ಳಬೇಕು. ಎಂಟು ವರ್ಷ ಮೀರಿದ ಸಾಗಣೆ ವಾಹನಕ್ಕೆ ಪ್ರತಿ ವರ್ಷವೂ ಫಿಟ್‌ನೆಸ್ ತಪಾಸಣೆ ಇರುವುದರಿಂದ ಹೊಂದದ ಸಂಖ್ಯೆ ಅಲ್ಲಿ ಸಿಕ್ಕಿಬೀಳುತ್ತದೆ.

ಬಿಚ್ಚುವುದು ಅನಿವಾರ್ಯವೆಂದು ಅಳತೆಯಿಂದಲೇ ಖಚಿತವಾದರೆ, ಮೊದಲು ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಒಂದು ಬಿಗ್ ಎಂಡ್ ಬೇರಿಂಗನ್ನು ತೆಗೆದು ತೋರಿಸುವಂತೆ ಕೇಳಿ. ಇದಕ್ಕೆ ಬಹುತೇಕ ಗಾಡಿಗಳಲ್ಲಿ ಎಂಜಿನ್ ಹೊರತೆಗೆಯಬೇಕಾಗಿಲ್ಲ. ಬೇರಿಂಗಿನ ಬೆನ್ನಿನ ಮೇಲೆ ಅಳತೆ ಅಚ್ಚಾಗಿರುತ್ತದೆ: ಎಸ್‌ಟಿಡಿ, 0.25, 0.50, ಹೀಗೆ. 1.00 ಎಂದಿದ್ದರೆ ಆ ಕ್ರ್ಯಾಂಕನ್ನು ಈಗಾಗಲೇ ಹಲವು ಸಲ ಗ್ರೈಂಡ್ ಮಾಡಲಾಗಿದೆ, ಇನ್ನೊಮ್ಮೆ ಮಾಡುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಆಗ ಅಂದಾಜುಪಟ್ಟಿಗೆ ಹೊಸ ಕ್ರ್ಯಾಂಕಿನ ಬೆಲೆಯನ್ನೂ ಸೇರಿಸಿ, ಗಾಡಿಯ ಇಂದಿನ ಮಾರಾಟ ಬೆಲೆಯ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಸಹಿ ಹಾಕಬೇಕು.